ರಾಡಿ ನೀರಿನಲ್ಲಿ ನೋಡುವ ಕೆಲಸ

ಬೋರ್‌ವೆಲ್ಲಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ಆಗಾಗ ರೋಣಕ್ಕೆ ಬಂದು ನನ್ನನ್ನು ಕಾಣುತ್ತಾರೆ. ಯಾವ ಕ್ಯಾಮೆರಾ ಚಲೋ, ಕೇಬಲ್ ಎಲ್ಲಿ ಸಿಗುತ್ತದೆ, ದೀಪ ಎಷ್ಟು ದೊಡ್ಡದಿರಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಅವರು ಕೇಳದೆ ಬಿಡುವ ಮಾತೊಂದಿದೆ, ಅದನ್ನು ಇಲ್ಲಿ ಬರೆದಿಡುತ್ತೇನೆ. ಕ್ಯಾಮೆರಾ ಇಳಿಸುವಾಗ ಸುತ್ತ ಅರ್ಧ ಊರು ನಿಂತಿರುತ್ತದೆ. ಮೇಲೆ ಎತ್ತುವಾಗ ನೀವೊಬ್ಬರೇ ಇರುತ್ತೀರಿ.

ಪರದೆಯ ಮೇಲೆ ಕಲ್ಲಿನ ಸಂದಿಯಿಂದ ನೀರು ಜಿನುಗುವುದು ಕಂಡರೆ ಹೊಲದವರು ಕೈಹಿಡಿದು ಮನೆಗೆ ಕರೆದೊಯ್ಯುತ್ತಾರೆ, ಮಿರ್ಚಿ ಮಂಡಕ್ಕಿ ತರಿಸುತ್ತಾರೆ. ಕಾಣದಿದ್ದರೆ ಒಬ್ಬೊಬ್ಬರೇ ಜಾರುತ್ತಾರೆ. ‘ಇಲ್ಲ’ ಎಂದವನಿಗೆ ಯಾರೂ ಚಹಾ ಕೊಡುವುದಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರುವುದಿಲ್ಲ. ಆ ಹೊತ್ತಿಗೆ ನನ್ನ ಮುಖ ನೋಡುವುದು ಬೇಡವಾಗಿರುತ್ತದೆ, ಅಷ್ಟೇ. ಎರೆಹೊಲದ ನಡುವೆ ಕುಳಿತು, ಕೆಸರು ಮೆತ್ತಿದ ಕೇಬಲ್ಲನ್ನು ಅರಿವೆಯಿಂದ ಒರೆಸುತ್ತ ಸುತ್ತಿಡುವುದೇ ನನ್ನ ವೃತ್ತಿಯ ಮುಕ್ಕಾಲು ಪಾಲಾಗಿತ್ತು. ಉಳಿದ ಕಾಲು ಪಾಲು ನೋಡುವುದು.

ನನ್ನ ಹೆಸರು ದಾವಲಸಾಬ. ಮೊದಲಿನಿಂದ ನಾನು ಬಾವಿ-ಬೋರಿನವನಲ್ಲ. ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ಸಾಲಿಯ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸುವ ಸಣ್ಣ ಫೋಟೋ ಎಲ್ಲ ತೆಗೆಯುತ್ತಿದ್ದೆ. ಆದರೆ ನನಗೆ ಹೆಸರು ತಂದದ್ದು ತೀರಿಕೊಂಡವರ ಹಳೆಯ ಫೋಟೋಗಳು. ಮನೆಯ ಗೋಡೆಗೆ ವರ್ಷಗಟ್ಟಲೆ ತೂಗಿ, ಮಳೆಗಾಲದ ಥಂಡಿ ಹಿಡಿದು, ಫೋಟೋದ ಕಾಗದ ಚೌಕಟ್ಟಿನ ಗಾಜಿಗೆ ಅಂಟಿಬಿಟ್ಟಿರುತ್ತಿತ್ತು. ಕೀಳಲು ಹೋದರೆ ಅಜ್ಜನ ಅರ್ಧ ಮುಖ ಗಾಜಿನ ಜೊತೆಗೇ ಬರುತ್ತದೆ. ಹಾಗಾಗಿ ಗಾಜಿನ ಮೇಲಿಂದಲೇ ಅದರ ಫೋಟೋ ತೆಗೆದು ಹೊಸದು ಮಾಡಿಕೊಡಬೇಕು. ದೀಪ ಹಚ್ಚಿದರೆ ಗಾಜು ಹೊಳೆದು ಅಜ್ಜನ ಹಣೆಯ ಮೇಲೆ ಬಿಳಿ ಚಟ್ಟು, ಹೊಳಪಿನ ಕಲೆ.

ಇದಕ್ಕೆ ಹುಬ್ಬಳ್ಳಿಯ ಹಿರಿಯ ಫೋಟೋಗ್ರಾಫರರೊಬ್ಬರು ದಾರಿ ಹೇಳಿಕೊಟ್ಟರು. ಅದೊಂದು ಬೂದು ಬಣ್ಣದ, ತೆಳುವಾದ ಹಾಳೆ. ಪೋಲರೈಸರ್ ಎನ್ನುತ್ತಾರೆ. ಬೆಳಕು ಎಲ್ಲ ದಿಕ್ಕಿಗೂ ಅಲುಗುತ್ತ ಬರುತ್ತದಂತೆ. ಈ ಹಾಳೆ ಒಂದೇ ದಿಕ್ಕಿಗೆ ಅಲುಗುವ ಬೆಳಕನ್ನು ಮಾತ್ರ ಬಿಡುತ್ತದೆ. ಕಿಟಕಿಯ ಉದ್ದ ಸರಳುಗಳ ಸಂದಿಯಲ್ಲಿ ಹಗ್ಗ ತೂರಿಸಿ ಮೇಲೆ ಕೆಳಗೆ ಬೀಸಿದರೆ ಅಲೆ ಆಚೆಗೆ ಹೋಗುತ್ತದೆ, ಅಡ್ಡ ಬೀಸಿದರೆ ಸರಳಿಗೆ ಬಡಿದು ನಿಲ್ಲುತ್ತದೆ, ಹಾಗೆ. ದೀಪದ ಮುಂದೆ ಒಂದು ಹಾಳೆ ಉದ್ದಕ್ಕೆ ಇಡಬೇಕು, ಕ್ಯಾಮೆರಾದ ಕಣ್ಣಿಗೆ ಇನ್ನೊಂದನ್ನು ಅಡ್ಡಕ್ಕೆ ಹಿಡಿಯಬೇಕು. ಗಾಜು ಬೆಳಕನ್ನು ಹೇಗೆ ಬಂತೋ ಹಾಗೇ ತಿರುಗಿಸಿ ಕಳಿಸುತ್ತದೆ, ಅದು ಅಡ್ಡ ಹಾಳೆಗೆ ಸಿಕ್ಕಿ ಸಾಯುತ್ತದೆ. ಕಾಗದ ಮಾತ್ರ ತನ್ನೊಳಗೆ ಬಂದ ಬೆಳಕನ್ನು ಕಲಸಿ ಎಲ್ಲ ದಿಕ್ಕಿಗೂ ಕಳಿಸುತ್ತದೆ, ಅದರಲ್ಲಿ ಒಂದಿಷ್ಟು ದಾಟಿ ಬರುತ್ತದೆ. ಚಟ್ಟು ಹೋಗಿ ಅಜ್ಜ ಉಳಿಯುತ್ತಾನೆ. ಮೊದಲ ಸಲ ಇದನ್ನು ಕಂಡಾಗ ನಾನು ದೀಪ ಆರಿಸುವುದನ್ನೇ ಮರೆತು ನೋಡುತ್ತ ನಿಂತಿದ್ದೆ.

ಹೊಸ ವಿದ್ಯೆ ಕೈಗೆ ಬಂದರೆ ಸುಮ್ಮನಿರಲು ಆಗುತ್ತದೆಯೇ? ರೋಣದ ಪೇಟೆಯಲ್ಲಿ ಭಾಂಡೆ ಅಂಗಡಿಯ ಸಾಹುಕಾರರೊಬ್ಬರು ಕ್ಯಾಲೆಂಡರಿಗೆಂದು ತಮ್ಮ ಅಂಗಡಿಯ ಫೋಟೋ ತೆಗೆಯಲು ಹೇಳಿದರು. ಸ್ಟೀಲಿನ ಕೊಡ, ಚರಿಗೆ, ಡಬ್ಬಿ ಎಲ್ಲ ಥಳಥಳ. ಹೊಳಪು ಜಾಸ್ತಿಯಾಯಿತೆಂದು ನಾನು ಎರಡೂ ಹಾಳೆ ಹಾಕಿ ಫೋಟೋ ಹೊಡೆದೆ. ತೊಳೆದು ನೋಡಿದರೆ ಗೋಡೆ ಇದೆ, ಮರದ ಹಲಗೆ ಇದೆ, ಸಾಹುಕಾರರ ಬಿಳಿ ಟೋಪಿ ಇದೆ, ಭಾಂಡೆಗಳೆಲ್ಲ ಇದ್ದಲು. ಹೊಳೆಯುವ ಲೋಹವೂ ಗಾಜಿನ ಹಾಗೆ ಬೆಳಕನ್ನು ಬಂದಂತೆಯೇ ಕಳಿಸುತ್ತದೆ. ಅದರಲ್ಲಿ ಹೊಳಪು ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ಪೂರ್ತಿ ಕಪ್ಪಾಗುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಸಾಹುಕಾರರು ಫೋಟೋ ಹಿಡಿದು ಬಹಳ ಹೊತ್ತು ನೋಡಿ, “ದಾವಲಸಾಬ, ನಮ್ಮ ಅಂಗಡಿಗೆ ಬೆಂಕಿ ಬಿದ್ದಿದ್ದು ನನಗ ಹೇಳs ಇಲ್ಲಲ್ಲೋ” ಎಂದರು. ಪೇಟೆಯಲ್ಲಿ ಈ ಮಾತು ಒಂದು ವರ್ಷ ಓಡಾಡಿತು. ನಾನೂ ನಕ್ಕು ಮರೆತೆ. ಮರೆಯಬಾರದಿತ್ತು.

ಆಮೇಲೆ ಎಲ್ಲರ ಕಿಸೆಗೂ ಮೊಬೈಲ್ ಬಂತು. ಸ್ಟುಡಿಯೋಕ್ಕೆ ಬರುವವರು ಕಡಿಮೆಯಾದರು, ಕೊನೆಗೆ ಬಸ್ಸಿಗೆ ಕಾಯುವವರು ಮಾತ್ರ ನೆರಳಿಗೆಂದು ಬಂದು ನಿಲ್ಲುತ್ತಿದ್ದರು. ನನ್ನ ಹೆಂಡತಿ ಮಾಬುಬಿ, “ಮಂದಿ ಮಾರಿ ನೋಡಿದ್ದು ಸಾಕು, ಬ್ಯಾರೆ ಏನರ ನೋಡೂದು ಕಲೀರಿ” ಎಂದಳು. ಅದೇ ಹೊತ್ತಿಗೆ ನರಗುಂದದಲ್ಲಿ ಬೋರ್ ಕೊರೆಯುವ ಗಾಡಿ ಇಟ್ಟಿದ್ದ ಶೇಖರಪ್ಪ ಎನ್ನುವವರು ಬೋರಿಗೆ ಬಿಡುವ ಕ್ಯಾಮೆರಾ ತರಿಸಿದ್ದರು. ಕ್ಯಾಮೆರಾ ಅಂದಮೇಲೆ ಫೋಟೋದವನೇ ಬೇಕೆಂದು ನನ್ನನ್ನು ಕರೆದರು.

ಬೆರಳು ಗಾತ್ರದ ಕ್ಯಾಮೆರಾ, ಅದರ ಸುತ್ತ ಉಂಗುರದ ಹಾಗೆ ದೀಪ, ಮೇಲೆ ನಮ್ಮ ಮುಂದೆ ಒಂದು ಪರದೆ. ತಿಳಿನೀರಿದ್ದರೆ ಕೆಲಸ ಸಸಾರ. ನಮ್ಮ ಕಡೆಯ ಎರೆಮಣ್ಣಿನಲ್ಲಿ ತಿಳಿನೀರು ಎಲ್ಲಿಂದ ಬರಬೇಕು? ಕ್ಯಾಮೆರಾ ನೀರು ಮುಟ್ಟುತ್ತಲೇ ಪರದೆ ಪೂರ್ತಿ ಬೆಳ್ಳಗೆ. ದೀಪ ದೊಡ್ಡದು ಮಾಡಿದರೆ ಇನ್ನೂ ಬೆಳ್ಳಗೆ. ಮಂಜು ಬಿದ್ದ ಮುಂಜಾನೆ ಗಾಡಿಯ ಲೈಟು ಹಚ್ಚಿದರೆ ದಾರಿ ಕಾಣುವ ಬದಲು ಬರಿ ಮಂಜೇ ಕಾಣುತ್ತದಲ್ಲ, ಅದೇ ಕತೆ. ನೀರಿನೊಳಗಿನ ಮಣ್ಣಿನ ಕಣಗಳು ದೀಪದ ಬೆಳಕನ್ನು ಅಲ್ಲಿಂದಲ್ಲೇ ಕಣ್ಣಿಗೆ ಒಗೆಯುತ್ತವೆ. ಅದರ ಹಿಂದೆ ಏನಿದೆಯೋ ದೇವರಿಗೇ ಗೊತ್ತು. ಎಷ್ಟೋ ದಿನ ನಾನು ಆ ಬಿಳಿ ಪರದೆಯನ್ನು ನೋಡುತ್ತ ಕುಳಿತು, ಗೊತ್ತಾದವನ ಹಾಗೆ ತಲೆದೂಗಿದ್ದುಂಟು.

ಅಬ್ಬಿಗೇರಿಯಲ್ಲಿ ಒಬ್ಬ ಯಜಮಾನರ ಬೋರು ಇದ್ದಕ್ಕಿದ್ದಂತೆ ರಾಡಿ ಉಗುಳಲು ಶುರುಮಾಡಿತ್ತು. ನೀರು ಭರಪೂರ ಇದೆ, ಆದರೆ ಕೆಸರು. ಪೈಪು ಎಲ್ಲೋ ಒಡೆದು ಮಣ್ಣು ಒಳಗೆ ಬರುತ್ತಿದೆ ಎಂದು ಎಲ್ಲರಿಗೂ ಅನುಮಾನ, ಎಲ್ಲಿ ಎಂಬುದು ಗೊತ್ತಿಲ್ಲ. ಎರಡು ಸಲ ಹೋಗಿ ಬಿಳಿ ಪರದೆ ನೋಡಿ ಬಂದೆ. ಎರಡನೇ ಸಲ ವಾಪಸ್ ಬರುವಾಗ ಬಸ್ಸಿನಲ್ಲಿ ಕುಳಿತವನಿಗೆ ಥಟ್ಟನೆ ಗಾಜಿಗೆ ಅಂಟಿದ ಅಜ್ಜನ ಫೋಟೋ ನೆನಪಾಯಿತು. ಇದೂ ಅದೇ ಚಟ್ಟಲ್ಲವೇ ಎನಿಸಿತು.

ಸ್ಟುಡಿಯೋದ ಹಾಳೆಗಳು ಗೆದ್ದಲು ಹತ್ತಿ ಹೋಗಿದ್ದವು. ಮೊಬೈಲ್ ರಿಪೇರಿಯ ಅಂಗಡಿಗೆ ಹೋಗಿ ಒಡೆದ ಪರದೆಗಳನ್ನು ಕೇಳಿದೆ. ಅವುಗಳ ಮೇಲೂ ಅದೇ ಹಾಳೆ ಅಂಟಿಸಿರುತ್ತಾರೆ. ನನ್ನ ಅಂಗಡಿ ಮುಚ್ಚಿಸಿದ ಮೊಬೈಲಿನಿಂದಲೇ ಹಾಳೆ ಸುಲಿದು, ದೀಪದ ಉಂಗುರಕ್ಕೊಂದು, ಕಣ್ಣಿಗೊಂದು ಕತ್ತರಿಸಿ, ಗಾಜಿನ ಮಧ್ಯೆ ಇಟ್ಟು ನೀರು ಹೋಗದಂತೆ ಮೇಣ ಮೆತ್ತಿದೆ. ಮಾಬುಬಿ ಅಡಿಗೆ ಮನೆಯಲ್ಲಿ ಬಕೀಟಿನ ತುಂಬ ಎರೆಮಣ್ಣು ಕದಡಿ ಕೊಟ್ಟಳು, ತಳಕ್ಕೆ ತನ್ನ ಹಳೆಯ ಕುಬಸದ ತುಂಡೊಂದನ್ನು ಹಾಕಿದಳು. ಕ್ಯಾಮೆರಾ ಇಳಿಸಿದರೆ ಕುಬಸದ ಹೂವುಗಳು ಕಂಡವು. ಸ್ವಚ್ಛ ಕಂಡವು ಅಂತಲ್ಲ. ಗೇಣು ದೂರ ಕಾಣುತ್ತಿದ್ದದ್ದು ಮೊಳ ದೂರ ಕಾಣುವಂತಾಯಿತು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು.

ಮೂರನೇ ಸಲ ಅಬ್ಬಿಗೇರಿಗೆ ಹೋದಾಗ ಯಜಮಾನರು, “ನೋಡ್ರಿ ನೋಡ್ರಿ, ನಿಮಗ ಟೈಮ್ ಪಾಸ್ ಆಗಬೇಕಲ್ಲ” ಎಂದು ಹೊಲದಾಚೆಗೆ ಹೊರಟುಹೋದರು. ನಾನೊಬ್ಬನೇ ಕೇಬಲ್ ಬಿಡುತ್ತ ಹೋದೆ. ಬಿಳುಪು ಬರಲಿಲ್ಲ. ಮಬ್ಬು ಕತ್ತಲೆಯಲ್ಲಿ ಪೈಪಿನ ಗೋಡೆ ನಿಧಾನವಾಗಿ ಮೇಲೆ ಸರಿಯುತ್ತಿತ್ತು. ಒಂದು ಕಡೆ ಅದು ಸೀಳಿತ್ತು, ಸೀಳಿನಿಂದ ಮಣ್ಣು ಹೊಗೆಯ ಹಾಗೆ ಒಳಗೆ ಬರುತ್ತಿತ್ತು. “ಕಂಡ್ತು!” ಎಂದು ಎದ್ದು ನಿಂತು ಕೂಗಿದೆ. ಕಣ್ಣು ಹಾಯುವಷ್ಟು ದೂರ ಕಡಲೆ ಹೊಲ, ಒಂದು ನರಪಿಳ್ಳೆಯೂ ಇಲ್ಲ. ಆ ಸೀಳನ್ನು ನೋಡುತ್ತ ಒಬ್ಬನೇ ಕುಳಿತೆ. ಅಷ್ಟು ಸಂತೋಷವಾದಾಗ ಅಷ್ಟು ಒಂಟಿ ಅನಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದು ಮಾಬುಬಿಗೆ ಹೇಳಿದಮೇಲೇ ಸಮಾಧಾನವಾದದ್ದು. ಅವತ್ತಿನಿಂದ ಅದು ರೂಢಿಯಾಯಿತು. ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ, “ಏನ್ ಕಂಡ್ತು ಇವತ್ತ?” ಎಂದು ಕೇಳುತ್ತಿದ್ದಳು. ಭೂಮಿಯೊಳಗಿನ ಕಲ್ಲಿನ ಬಣ್ಣ, ಸಂದಿಯಲ್ಲಿ ಸಿಕ್ಕ ಹಗ್ಗ, ಬೋರಿನ ಗೋಡೆಗೆ ಕುಳಿತ ಕಪ್ಪೆ, ಎಲ್ಲ ಹೇಳುತ್ತಿದ್ದೆ. ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

ಶೇಖರಪ್ಪನವರ ವಿಷಯವೂ ಒಂದಿಷ್ಟು ಹೇಳಬೇಕು, ಅಂಥ ಮಾಲಕರು ನಿಮಗೂ ಸಿಗುತ್ತಾರೆ. ಮನುಷ್ಯ ಕೆಟ್ಟವರಲ್ಲ. ಹಬ್ಬಕ್ಕೆ ಅರಿವೆ ಕೊಡುತ್ತಿದ್ದರು, ಜ್ವರ ಬಂದರೆ ದವಾಖಾನಿಗೆ ತಾವೇ ಕರೆದೊಯ್ಯುತ್ತಿದ್ದರು. ಆದರೆ ಕೊರೆಯುವ ಗಾಡಿಯೂ ಅವರದೇ, ನೋಡುವ ಕ್ಯಾಮೆರಾವೂ ಅವರದೇ. ಒಂದು ದಿನ ಗಾಡಿಯಲ್ಲಿ ಕೂಡಿಸಿಕೊಂಡು, “ಇಲ್ಲ ಅಂತ ಒಮ್ಮಿಗೇ ಅನಬ್ಯಾಡ. ಇನ್ನ ಸ್ವಲ್ಪ ಕೆಳಗ ಹೋದ್ರ ಇರಬಹುದು ಅನ್ನು. ಅವರಿಗೂ ಸಮಾಧಾನ, ನಮಗೂ ಕೆಲಸ” ಎಂದರು. ನಾನು, ಕಂಡದ್ದನ್ನು ಹೇಳುತ್ತೇನೆ, ಕಾಣದ್ದನ್ನು ನೀವೇ ಹೇಳಿಕೊಳ್ಳಿ ಎಂದೆ. ಮಾತು ಸ್ವಲ್ಪ ಒರಟಾಯಿತು. ನನ್ನ ಬಾಯಿಯೇ ಹಾಗೆ. ಅವತ್ತು ಸಂಜೆಗೇ ನರಗುಂದದ ಕೆಲಸ ಬಿಟ್ಟು ಬಂದೆ, ಮುಂದೆ ನನ್ನದೇ ಕ್ಯಾಮೆರಾ ಮಾಡಿಕೊಂಡೆ. ಆವತ್ತಿನಿಂದ ಸುತ್ತ ಹಳ್ಳಿಗಳಲ್ಲಿ ‘ಇಲ್ಲ ಅನ್ನೂ ಸಾಬ’ ಎಂದೇ ನನ್ನನ್ನು ಕರೆಯತೊಡಗಿದರು.

ಮಾಬುಬಿ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ, ಜ್ವರ ಬಂದು, ಲಗೂ. ಆಮೇಲೂ ನಾನು ಕೆಲಸಕ್ಕೆ ಹೋದೆ. ಬೋರಿನೊಳಗೆ ಮೊದಲಿನ ಹಾಗೆಯೇ ಕಲ್ಲು, ಮಣ್ಣು, ಕಪ್ಪೆ. ಸಂಜೆ ಮನೆಗೆ ಬಂದು ಕಾಲು ತೊಳೆದರೆ ಯಾರೂ ಏನೂ ಕೇಳುವುದಿಲ್ಲ. ಸ್ವಲ್ಪ ದಿನ ಸುಮ್ಮನಿದ್ದೆ. ಆಮೇಲೆ, ಸುಳ್ಳೇಕೆ ಹೇಳಲಿ, ಒಲೆಯ ಕಡೆ ತಿರುಗಿ, ಇವತ್ತು ಇದು ಕಂಡಿತು ನೋಡು ಎಂದು ಗಟ್ಟಿಯಾಗಿಯೇ ಹೇಳತೊಡಗಿದೆ. ಬಾಗಿಲು ಹಾಕಿಕೊಂಡು.

ಗಜೇಂದ್ರಗಡದಿಂದ ಕರೆ ಬಂದದ್ದು ಆ ದಿನಗಳಲ್ಲಿ. ಗುಡ್ಡದ ಬುಡದ ನೇಕಾರರ ಓಣಿಯ ಹಿರಿಯ ಗುರುಸಿದ್ದಪ್ಪ ಫೋನು ಮಾಡಿದ್ದರು. ಓಣಿಯ ತುದಿಯಲ್ಲೊಂದು ಹಳೆಯ ಮೆಟ್ಟಿಲು ಬಾವಿ. ನಳ ಬಂದಮೇಲೆ ಯಾರೂ ಸೇದುವುದಿಲ್ಲ, ನೀರು ಏರಿ ಹಸಿರುಗಟ್ಟಿದೆ, ಮಕ್ಕಳು ಬಿದ್ದಾರೆಂದು ಕಲ್ಲು ಮಣ್ಣು ಹಾಕಿ ಮುಚ್ಚಬೇಕೆಂದಿದ್ದಾರೆ. ಆದರೆ ನೀಲವ್ವ ಎನ್ನುವ ನೇಕಾರ ಹೆಣ್ಣುಮಗಳು ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದಾಳೆ, ಮುಚ್ಚಲು ಬಿಡುತ್ತಿಲ್ಲ. ಅವಳ ಮಗಳು ಮಂಜುಳಾ ಬಹಳ ವರ್ಷಗಳ ಹಿಂದೆ, ಒಂದು ಬೇಸಿಗೆಯ ಮುಂಜಾನೆ, ನೀರಿಗೆಂದು ಇದೇ ಬಾವಿಗೆ ಹೋದವಳು ತಿರುಗಿ ಬರಲಿಲ್ಲ. ಆಗ ಈಜುವವರು ಮುಳುಗಿ ತಳವನ್ನೆಲ್ಲ ತಡಕಾಡಿದರು, ಏನೂ ಸಿಗಲಿಲ್ಲ. ಆದರೂ ಅರ್ಧ ಓಣಿ ಬಾವಿಗೆ ಬಿದ್ದಳು ಎಂದಿತು, ಅರ್ಧ ಓಣಿ ಓಡಿಹೋದಳು ಎಂದಿತು. ನೀಲವ್ವ ಬಿದ್ದಳು ಎಂದೇ ನಂಬಿದ್ದಾಳೆ. ಮಗಳ ಮೇಲೆ ಕಲ್ಲು ಹೇರಬೇಡಿರಿ ಎನ್ನುತ್ತಾಳೆ. ಒಳಗೆ ಎಲುಬು ಇದೆಯೋ ಇಲ್ಲವೋ ನೀವು ನೋಡಿ ಹೇಳಿಬಿಡಿ ಎಂದರು; ನಾನು ಏನೇ ಹೇಳಿದರೂ ಕೇಳುತ್ತೇನೆ ಎಂದು ಅವಳು ಒಪ್ಪಿದ್ದಾಳಂತೆ.

ಹೋದಾಗ ಓಣಿಯ ತುಂಬ ಮಗ್ಗದ ಸಪ್ಪಳ. ನೀಲವ್ವ ನನ್ನ ವಯಸ್ಸಿನವಳೇ, ಗಟ್ಟಿ ಹೆಂಗಸು, ಕೈಬೆರಳಿಗೆ ನೂಲಿನ ಬಣ್ಣ ಹತ್ತಿತ್ತು. ಸಂಜೆಗೊಮ್ಮೆ ಮಗ್ಗ ಬಿಟ್ಟು ಎದ್ದು ಇಲ್ಲಿಗೆ ಬಂದು ಕುಳಿತು ಮಗಳ ಕೂಡ ಮಾತಾಡುತ್ತಾಳೆ, ತಲೆ ಕೆಟ್ಟಿಲ್ಲ, ರೂಢಿ ಅಷ್ಟೇ ಎಂದು ಗುರುಸಿದ್ದಪ್ಪ ನನ್ನ ಕಿವಿಯಲ್ಲಿ ಹೇಳಿದರು. ಅವಳಿಗೆ ಕೇಳಿಸಿತು. ನಾನು ಕೇಬಲ್ ಬಿಚ್ಚುವಾಗ ಹತ್ತಿರ ಬಂದು, “ಇದ್ರ ಐತಿ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ, ಯಣ್ಣಾ. ನನ್ನ ಮಾರಿ ನೋಡಿ ಹೇಳಬ್ಯಾಡ್ರಿ” ಎಂದಳು.

ಹಾಳೆಗಳನ್ನು ಅಡ್ಡ ಹಾಕಿ ಕ್ಯಾಮೆರಾ ಇಳಿಸಿದೆ. ಬಾವಿ ಬೋರಿನ ಹಾಗಲ್ಲ, ಅಗಲ. ಮೂಲೆ ಮೂಲೆಗೂ ಎಳೆದು ನೋಡಬೇಕು. ಮುಳುಗಿದ ಮೆಟ್ಟಿಲುಗಳು ಒಂದೊಂದಾಗಿ ಕಂಡವು. ತಳದಲ್ಲಿ ಕೆಸರು, ಒಡೆದ ಮಣ್ಣಿನ ಗಡಿಗೆ, ಒಂದು ಚಪ್ಪಲಿ, ಗಾಲಿಯ ಹಗ್ಗ. ಗೋಡೆಯಲ್ಲಿ ಹಿಂದಿನವರು ದೀಪ ಇಡಲು ಬಿಟ್ಟ ದೊಡ್ಡ, ಆಳವಾದ ಗೂಡು, ಒಳಗೆ ಕತ್ತಲೆ. ಎಲುಬಿದ್ದರೆ ಕಾಣದೆ ಇರುತ್ತಿರಲಿಲ್ಲ. ಎಲುಬು, ಅರಿವೆ, ಕಲ್ಲು ಎಲ್ಲ ಈ ಹಾಳೆಗೆ ಚಲೋ ಕಾಣುವಂಥವು. ಇಡೀ ಮಧ್ಯಾಹ್ನ ನೋಡಿದೆ. ಕೆಸರನ್ನು ಸರಳಿನಿಂದ ಕೆದಕಿಸಿ ಮತ್ತೆ ನೋಡಿದೆ.

ಅವಳ ಮುಖ ನೋಡದೆ, “ಇಲ್ರಿ ಅಕ್ಕಾರ. ಒಳಗ ಏನೂ ಇಲ್ಲ” ಎಂದೆ.

ಇದು ಒಳ್ಳೆಯ ಸುದ್ದಿ ಎಂದೇ ನಾನು ತಿಳಿದಿದ್ದೆ. ನಿಂತ ಮಂದಿಯೂ ಹಾಗೇ ತಿಳಿದರು. ಗುರುಸಿದ್ದಪ್ಪನವರು, ಹಾಗಾದರೆ ಎಲ್ಲೋ ಚೆಂದಾಗಿದ್ದಾಳೆ ಬಿಡವ್ವಾ ಎಂದು ಸಮಾಧಾನ ಹೇಳಿದರು. ನೀಲವ್ವ ನೀರಿನ ಕಡೆಗೇ ನೋಡುತ್ತಿದ್ದಳು.

“ಹಂಗಾರ ಇಷ್ಟು ದಿನಾ ನಾ ಯಾರ ಕೂಡ ಮಾತಾಡಿದೆ?”

ಒಲೆಯ ಕಡೆ ತಿರುಗಿ ಮಾತಾಡುತ್ತ ನಿಂತ ನಾನೇ ನನ್ನ ಕಣ್ಣ ಮುಂದೆ ಬಂದೆ. ಊರೂರಿಗೆ ‘ಇಲ್ಲ’ ಎಂದು ಹೇಳಿಕೊಂಡು ಬಂದ ನನಗೆ, ಆ ಮಾತು ಇಷ್ಟು ಭಾರ ಇರಬಹುದೆಂದು ಅವತ್ತೇ ತಿಳಿದದ್ದು. ಸತ್ತವಳಾಗಿದ್ದರೆ ಹತ್ತಿರವಿದ್ದಳು. ಜೀವಂತ ಇದ್ದಾಳೆ ಅಂದಕೂಡಲೇ ಎಲ್ಲಿಯೂ ಇಲ್ಲದಂತಾದಳು. ಅದೂ ಖಾತ್ರಿಯಲ್ಲ, ಈ ಬಾವಿಯಲ್ಲಿ ಇಲ್ಲ ಅಂದರೆ ಬದುಕಿದ್ದಾಳೆ ಅಂತ ಏನಿದೆ? ನಾನು ಅವಳಿಂದ ಇದ್ದದ್ದನ್ನು ಕಸಿದು, ಕೈಯಲ್ಲಿ ಏನೂ ಇಡದೆ ನಿಂತಿದ್ದೆ.

ಮಂದಿ ಒಬ್ಬೊಬ್ಬರೇ ಕರಗಿದರು. ನೀಲವ್ವನೂ ಎದ್ದು ಹೋದಳು. ನಾನು ಎಂದಿನಂತೆ ಕೇಬಲ್ ಒರೆಸುತ್ತ ಕುಳಿತೆ. ಆದರೆ ಆವತ್ತು ಎಂದೂ ಆಗದ್ದು ಆಯಿತು. ನೀಲವ್ವ ತಿರುಗಿ ಬಂದಳು. ಒಂದು ಕೈಯಲ್ಲಿ ಬೆಲ್ಲದ ತುಂಡು, ಇನ್ನೊಂದರಲ್ಲಿ ನೀರಿನ ಚರಿಗೆ. “ಬಿಸಲಾಗ ಕುಂತೀರಿ, ತಗೋರಿ” ಎಂದಳು. ‘ಇಲ್ಲ’ ಎಂದವನಿಗೆ ನೀರು ತಂದುಕೊಟ್ಟವಳು ಅವಳೊಬ್ಬಳೇ.

ಚರಿಗೆ ಎತ್ತಿ ಬಾಯಿಗೆ ಹೊಯ್ದುಕೊಳ್ಳುವಾಗ ಇಳಿಬಿಸಿಲು ಅದಕ್ಕೆ ಬಿದ್ದು ಕಣ್ಣಿಗೆ ಹೊಡೆಯಿತು. ಸ್ಟೀಲಿನ ಚರಿಗೆ, ಬೂದಿ ಹಚ್ಚಿ ತಿಕ್ಕಿ ಬೆಳಗಿದ್ದಳು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ‘ಮಂಜುಳಾ’ ಎಂದು ಹೆಸರು ಹೊಡೆಸಿತ್ತು. ನಮ್ಮ ಕಡೆ ಮದುವೆಗೆಂದು ತಂದ ಭಾಂಡೆಗೆಲ್ಲ ಹೆಸರು ಹೊಡೆಸುತ್ತಾರಲ್ಲ, ಹಾಗೆ. ನಾನು ಹೆಸರು ನೋಡುತ್ತಿರುವುದು ಕಂಡು ಅವಳೇ ಹೇಳಿದಳು: ಮಗಳ ಮದುವೆಗೆಂದು ತಂದದ್ದು, ಅವಳನ್ನು ತನ್ನ ತಮ್ಮನಿಗೇ ಕೊಡಬೇಕೆಂದು ಮಾತಾಗಿತ್ತು, ಇದರ ಜೋಡಿಯ ಕೊಡವನ್ನೇ ಅವಳು ಆ ಮುಂಜಾನೆ ಒಯ್ದದ್ದು. ಕೊಡವೂ ಸಿಗಲಿಲ್ಲ.

ಚರಿಗೆ ಕೆಳಗಿಟ್ಟೆ. ಎಲುಬು ನೋಡಿ ಎಂದಿದ್ದರು, ಎಲುಬು ನೋಡಿದ್ದೆ. ಕೊಡದ ಮಾತನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಭಾಂಡೆ ಅಂಗಡಿಯ ಸಾಹುಕಾರರು ಕಣ್ಣ ಮುಂದೆ ಬಂದು ನಿಂತರು. ನನ್ನ ಹಾಳೆಗೆ ಸ್ಟೀಲು ಕಾಣುವುದಿಲ್ಲ. ಸ್ಟೀಲಿದ್ದ ಜಾಗದಲ್ಲಿ ಬರಿ ಕತ್ತಲೆ ಕಾಣುತ್ತದೆ. ಗೂಡಿನೊಳಗೂ ಕತ್ತಲೆಯೇ ಕಂಡಿತ್ತು.

ಸುತ್ತಿದ ಕೇಬಲ್ಲನ್ನು ಮತ್ತೆ ಬಿಚ್ಚಿದೆ. ಕಣ್ಣಿನ ಮುಂದಿನ ಹಾಳೆಯನ್ನು ಕಾಲು ಸುತ್ತು ತಿರುಗಿಸಿದೆ. ಈಗ ರಾಡಿಯ ಬಿಳುಪು ಪೂರ್ತಿ ವಾಪಸ್ ಬರುತ್ತದೆ, ಆದರೆ ಹೊಳೆಯುವುದು ಹೊಳೆಯುತ್ತದೆ. ಕ್ಯಾಮೆರಾವನ್ನು ಗೂಡಿನ ಬಾಯಿಗೇ ತಂದು ನಿಲ್ಲಿಸಿದೆ. ಬಿಳಿ ಮಬ್ಬಿನ ನಡುವೆ ಒಂದು ಬೆಳಕಿನ ಗೆರೆ ಬಾಗಿ ನಿಂತಿತ್ತು. ಕೊಡದ ಹೊಟ್ಟೆ. ಮೇಲೆ ಕಲ್ಲಿನ ಚಾವಣಿ ಇದ್ದುದರಿಂದ ಅದರ ಮೇಲೆ ಕೆಸರು ಕುಳಿತಿರಲಿಲ್ಲ. ಆಗ ಮುಳುಗಿದವರು ತಳ ತಡಕಾಡಿದ್ದರು, ಗೂಡಿಗೆ ಕೈ ಹಾಕಿರಲಿಲ್ಲ.

ಗುರುಸಿದ್ದಪ್ಪನವರನ್ನು ಕರೆದು, ಬಿದ್ದ ಕೊಡ ತೆಗೆಯುವ ಕೊಕ್ಕೆ, ಪಾತಾಳಗರಡಿ, ತರಿಸಿದೆವು. ನಾನು ಪರದೆ ನೋಡುತ್ತ ಹೇಳಿದ ಕಡೆಗೆ ಅವರು ಹಗ್ಗ ಆಡಿಸಿದರು. ಎಷ್ಟೋ ಸಲ ತಪ್ಪಿ, ಕೊನೆಗೆ ಕೊಕ್ಕೆ ಕಂಠಕ್ಕೆ ಸಿಕ್ಕಿತು. ನೀರಿನಿಂದ ಮೇಲೆದ್ದು ಕೊಡ ವಾಲಿದಾಗ ಒಳಗೆ ಸಣ್ಣಗೆ ಏನೋ ಉಲಿಯಿತು.

ನೀಲವ್ವ ನೋಡುವ ಮೊದಲೇ, “ಬಳಿ” ಎಂದಳು.

ಹಸಿರು ಗಾಜಿನ ಬಳೆಗಳು. ಒಂದೂ ಒಡೆದಿರಲಿಲ್ಲ. ಕೈಯಿಂದ ಒಂದೊಂದಾಗಿ ಸರಿಸಿ ತೆಗೆದಿಟ್ಟವು. ಕೊಡ ಬಿದ್ದದ್ದೂ ಅಲ್ಲ, ಒಗೆದದ್ದೂ ಅಲ್ಲ. ಆ ಬೇಸಿಗೆಯಲ್ಲಿ ನೀರು ಕೆಳಗಿತ್ತು, ಮೆಟ್ಟಿಲಿನ ಮೇಲೆ ನಿಂತು ಗೂಡಿನ ಒಳಗತ್ತಲೆಯಲ್ಲಿ, ಹೊರಗಿನವರಿಗೆ ಕಾಣದಂತೆ, ಸರಿಯಾಗಿ ಇಟ್ಟದ್ದು. ಸಾಯಲು ಹೋಗುವವಳು ಇಷ್ಟು ಜೋಪಾನ ಮಾಡುವುದಿಲ್ಲ ಎಂದು ಗುರುಸಿದ್ದಪ್ಪನವರು ಮೆಲ್ಲಗೆ ಅಂದರು. ಹಾಗಾದರೆ ಬಳೆ ಯಾಕೆ ತೆಗೆದಳು ಎಂದು ನಾನು ಕೇಳಿಬಿಟ್ಟೆ. ಕೇಳಬಾರದಿತ್ತೇನೋ.

ನೀಲವ್ವ ಬಳೆಗಳನ್ನು ಸೆರಗಿನಲ್ಲಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಳು. ನಿಧಾನವಾಗಿ ಹೇಳಿದಳು: “ಬಾವಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗಾಕ ನಮ್ಮ ಮನಿ ಮುಂದಿನ ಹಾದಿ ಒಂದs ಐತಿ, ಯಣ್ಣಾ. ಬಾಗಲಾ ತಗದಿತ್ತು. ನಾ ಮಗ್ಗದಾಗ ಇದ್ದೆ. ಮಗ್ಗ ಬಡಿಯುವಾಗ ನಾ ತಲಿ ಎತ್ತೂದಿಲ್ಲ, ಆಕಿ ಬಂದದ್ದು ಬಳಿ ಸಪ್ಪಳದ ಮ್ಯಾಲೆ ಗೊತ್ತಾಗೂದು. ಅದು ಆಕಿಗೂ ಗೊತ್ತಿತ್ತು.”

ಸೆರಗನ್ನು ಗಂಟು ಹಾಕಿದಳು.

“ನನ್ನ ಮುಂದs ಹಾದು ಹೋಗ್ಯಾಳ. ಈ ಮದುವಿ ಒಲ್ಲೆ ಅಂತ ಒಂದ ಮಾತು ಅಂದಿದ್ರ ನಾ ಬಿಡತಿದ್ದೆ.”

ಬಾವಿ ಮುಚ್ಚಿರಿ ಎಂದು ಗುರುಸಿದ್ದಪ್ಪನವರಿಗೆ ಹೇಳಿ, ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ಹೋದಳು.

ಇಲ್ಲಿಗೆ ಈ ಕೆಲಸದ ಬಗ್ಗೆ ನಾನು ಹೇಳಬೇಕಾದದ್ದು ಮುಗಿಯಿತು. ಹೊಸ ಕ್ಯಾಮೆರಾಗಳಲ್ಲಿ ಹಾಳೆ ಅವೇ ತಿರುಗುತ್ತವಂತೆ, ಚಿತ್ರವನ್ನು ಯಂತ್ರವೇ ತಿಳಿ ಮಾಡುತ್ತದಂತೆ. ಒಳ್ಳೆಯದು. ಆದರೂ ಒಂದು ಮಾತು ನೆನಪಿಡಿ. ರಾಡಿಯನ್ನು ತೆಗೆಯುವ ಹಾಳೆ ರಾಡಿಯ ಜೊತೆಗೆ ಇನ್ನೂ ಏನನ್ನೋ ತೆಗೆಯುತ್ತದೆ. ‘ಇಲ್ಲ’ ಅನ್ನುವ ಮೊದಲು ಒಮ್ಮೆ ತಿರುಗಿಸಿ ನೋಡಿ. ನೋಡುವುದಕ್ಕೂ ಮೊದಲು, ಏನು ಕಳೆದಿದೆ ಎಂದು ಕಳೆದುಕೊಂಡವರನ್ನೇ ಕೇಳಿ.

ಕಣ್ಣು ಮಂಜಾಗತೊಡಗಿದ ಮೇಲೆ ನಾನು ಕೆಲಸ ಬಿಟ್ಟೆ. ಕ್ಯಾಮೆರಾ ನರಗುಂದದ ಒಬ್ಬ ಹುಡುಗನ ಕೈಗೆ ಹೋಯಿತು. ಮನೆಯಲ್ಲಿ ಕುಳಿತರೆ ಹೊತ್ತು ಹೋಗುವುದಿಲ್ಲ. ಒಲೆಯ ಮುಂದೆ ಹೇಳೋಣವೆಂದರೆ ಇವತ್ತು ಕಂಡದ್ದು ಎಂಬುದೂ ಏನಿಲ್ಲ. ಒಂದು ದಿನ ಯಾಕೋ ಹೋಗಬೇಕೆನಿಸಿ ರೋಣದಿಂದ ಮೊದಲ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋದೆ. ಆಗಷ್ಟೇ ಬೆಳಗಾಗುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆದು ಓಣಿ ಸೇರಿದರೆ ಮನೆ ಮನೆಯಲ್ಲೂ ಮಗ್ಗದ ಸಪ್ಪಳ, ನೀಲವ್ವನ ಮನೆಯಲ್ಲಿ ಮಾತ್ರ ಇಲ್ಲ. ಲಗುಬಗೆಯಿಂದ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ನೀಲವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಓಣಿಯ ಕಡೆ ಕಿವಿಗೊಟ್ಟು ಕುಳಿತಿದ್ದಳು. ಆರಾಮಿಲ್ಲವೇನು ಎಂದು ಕೇಳಿದೆ.

“ಆರಾಮ ಅದೀನಿ, ಯಣ್ಣಾ. ಈ ಹೊತ್ತಿನಾಗ ಮಗ್ಗ ಬಡಿಯೂದು ಬಿಟ್ಟೀನಿ. ಬಳಿ ಇಲ್ದಾಕಿ ಬಂದ್ರ ಹೆಜ್ಜಿ ಸಪ್ಪಳಾ ಕೇಳಬೇಕಲ್ಲ.”

ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಬಾಗಿಲಿಗೆ ಬರುವ ತನಕ ಇಬ್ಬರೂ ಮಾತಾಡಲಿಲ್ಲ.